ನೀರಿನ ಬೂಷ್ಟಿನ ಬೆನ್ನು ಹತ್ತಿದ ಬಟ್ಲರರು



ಸವದತ್ತಿ ತಾಲೂಕಿನ ನವಿಲುತೀರ್ಥದ ಜಲಾಶಯವನ್ನು ತಾವೆಲ್ಲರೂ ಬಲ್ಲಿರಿ. ಕಣಕುಂಬಿಯ ಕಾಡಿನಲ್ಲಿ ಹುಟ್ಟಿದ ಮಲಪ್ರಭೆ ಮಳೆಗಾಲದಲ್ಲಿ ಎಲೆ, ಕಸಕಡ್ಡಿಗಳನ್ನು ಹೊತ್ತು ತಂದು ಅಲ್ಲಿಗೆ ಸೇರಿಸುತ್ತಾಳೆ. ಆ ಕಸವನ್ನು ಕೊಳೆಯಿಸಿ ಬದುಕುವ, ಕಣ್ಣಿಗೆ ಕಾಣದ ಬೂಷ್ಟುಗಳು ಇಂಥ ನೀರಿನಲ್ಲಿ ಅನೇಕ. ಸಾಮಾನ್ಯವಾಗಿ ಮಳೆಗಾಲ, ಚಳಿಗಾಲಗಳಲ್ಲಿ ಅವು ಹೆಚ್ಚುತ್ತವೆ. ಏಪ್ರಿಲ್-ಮೇ ಬಿಸಿಲಿಗೆ ಕಡಿಮೆಯಾಗುತ್ತವೆ.

ಇಂಥ ಬೂಷ್ಟುಗಳಿಗೂ ನಮ್ಮ ಬೆಳೆಗಳಿಗೂ ಇರುವ ನಂಟನ್ನು ಭಾರತದಲ್ಲಿ ಮೊದಲು ಆಳವಾಗಿ ಅಭ್ಯಾಸ ಮಾಡಿದವರು ಎಡ್ವಿನ್ ಜಾನ್ ಬಟ್ಲರ್.

ಬಟ್ಲರರು 1874ರಲ್ಲಿ ಐರ್ಲೆಂಡಿನಲ್ಲಿ ಜನಿಸಿದರು. ಓದಿದ್ದು ವೈದ್ಯಕೀಯ; 1898ರಲ್ಲಿ ಪದವಿಯೂ ಬಂತು. ಆದರೆ ಅವರ ಮನಸ್ಸು ನೀರಿನ ಬೂಷ್ಟಿನ ಕಡೆಗೆ ಹರಿಯಿತು. ರೋಗಿಗಳ ನಾಡಿ ಹಿಡಿಯುವುದನ್ನು ಬಿಟ್ಟು ಸೂಕ್ಷ್ಮದರ್ಶಕ ಹಿಡಿದರು. 1901ರಲ್ಲಿ ಭಾರತ ಸರಕಾರದ ಸೇವೆಗೆ ಸೇರಿ ಕಲಕತ್ತೆಗೆ ಬಂದರು. 1905ರಲ್ಲಿ ಬಿಹಾರದ ಪೂಸಾ ಸಂಶೋಧನಾ ಕೇಂದ್ರಕ್ಕೆ ಹೋದರು.

1907ರಲ್ಲಿ ಪಿಥಿಯಂ ಎಂಬ ಬೂಷ್ಟಿನ ಬಗ್ಗೆ ಅವರ ದೊಡ್ಡ ಪ್ರಬಂಧ ಪ್ರಕಟವಾಯಿತು. ಈ ಪಿಥಿಯಂ ಕೆರೆಯ ನೀರಿನಲ್ಲಿಯೂ ಇರುತ್ತದೆ, ಹೊಲದ ಹಸಿ ಮಣ್ಣಿನಲ್ಲಿಯೂ ಇರುತ್ತದೆ. ಇದರ ಬೀಜಾಣುಗಳಿಗೆ ಬಾಲದಂಥ ಎರಡು ಎಳೆಗಳುಂಟು. ನೀರು ನಿಂತರೆ ಸಾಕು, ಈಜಿ ಹೋಗಿ ಎಳೆಯ ಬೇರನ್ನು ಹಿಡಿಯುತ್ತವೆ. ನೀರು ಆರಿದಾಗ ದಪ್ಪ ಗೋಡೆಯ ಬೀಜಾಣುಗಳಾಗಿ ಮುಂದಿನ ಮಳೆಯ ದಾರಿ ಕಾಯುತ್ತವೆ. ಈಗಿನ ವಿಜ್ಞಾನಿಗಳು ಇದನ್ನು ನಿಜವಾದ ಶಿಲೀಂಧ್ರಗಳಿಂದ ಬೇರ್ಪಡಿಸಿದ್ದಾರೆ. ಆದರೂ ಸಸಿಗೆ ಅದು ಮಾಡುವ ಹಾನಿ ಅದೇ.

ತೊಗರಿಯ ಸೊರಗು ರೋಗಕ್ಕೆ ಮಣ್ಣಿನಲ್ಲಿರುವ ಇನ್ನೊಂದು ಶಿಲೀಂಧ್ರ ಕಾರಣವೆಂದು ತೋರಿಸಿದವರೂ ಬಟ್ಲರರೇ. 1918ರಲ್ಲಿ ಬೆಳೆರೋಗಗಳ ಮೇಲೆ ಅವರು ಬರೆದ ಗ್ರಂಥ ಮುಂದಿನ ಪೀಳಿಗೆಗೆ ಕೈದೀಪವಾಯಿತು. ಬಳಿಕ ಇಂಗ್ಲೆಂಡಿನ ಕ್ಯೂನಲ್ಲಿ ಶಿಲೀಂಧ್ರ ಸಂಸ್ಥೆಯ ನಿರ್ದೇಶಕರಾಗಿ 1935ರವರೆಗೆ ದುಡಿದು, 1943ರಲ್ಲಿ ತೀರಿಕೊಂಡರು. ಭಾರತದ ಸಸ್ಯರೋಗ ಶಾಸ್ತ್ರದ ಪಿತಾಮಹರೆಂದು ಅವರನ್ನು ಇಂದಿಗೂ ಗೌರವಿಸುತ್ತಾರೆ.

ಅವರ ದುಡಿಮೆಯ ಫಲ ತಮ್ಮ ಹೊಲಕ್ಕೂ ಸಲ್ಲಲಿ. ನಮ್ಮ ಎರೆಭೂಮಿಯಲ್ಲಿ ನೀರು ಬೇಗ ಬಸಿಯುವುದಿಲ್ಲ. ಮೆಣಸಿನಕಾಯಿ ಸಸಿಗಳು ಬುಡ ಕೊಳೆತು ಸಾಲುಸಾಲಾಗಿ ಮಲಗಿದರೆ ಹಂಗಾಮೇ ಕೈತಪ್ಪುತ್ತದೆ. ಆದ್ದರಿಂದ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ರೈತರು ಹೀಗೆ ಮಾಡಿರಿ: ಸಸಿಮಡಿಯನ್ನು ಅರ್ಧ ಗೇಣು ಎತ್ತರಿಸಿರಿ. ಬೀಜವನ್ನು ದಟ್ಟವಾಗಿ ಬಿತ್ತಬೇಡಿರಿ. ಮಡಿಯ ಸುತ್ತ ಬಸಿಗಾಲುವೆ ತೆಗೆಯಿರಿ. ಮೋಡ ಕವಿದ ದಿನಗಳಲ್ಲಿ ನೀರು ಹಿಡಿತದಲ್ಲಿರಲಿ. ತೊಗರಿ ಬೀಜಕ್ಕೆ ಕಿಲೋಗೆ 4 ಗ್ರಾಂ ಟ್ರೈಕೋಡರ್ಮಾ ಲೇಪಿಸಿರಿ; ಇದೂ ಒಂದು ಬೂಷ್ಟೇ, ಆದರೆ ರೈತನ ಮಿತ್ರ. ಸೊರಗು ರೋಗ ಕಂಡ ಹೊಲದಲ್ಲಿ ಮರುವರ್ಷ ತೊಗರಿ ಬಿಟ್ಟು ಜೋಳ ಬಿತ್ತಿರಿ.