ಹೊಲದ ಮಣ್ಣಿನಲ್ಲಿ ಫಂಗಸ್‌ಗೆ ಮದ್ದು ಕಂಡ ಎಲಿಜಬೆತ್ ಹೇಜನ್

ಅನೇಕರ ಬಾಯಿ, ಕರುಳು ಮತ್ತು ಚರ್ಮದ ಮೇಲೆ ಕ್ಯಾಂಡಿಡಾ ಎಂಬ ಯೀಸ್ಟ್ ಯಾವ ತೊಂದರೆಯನ್ನೂ ಕೊಡದೆ ವಾಸವಾಗಿರುತ್ತದೆ. ಅಕ್ಕಪಕ್ಕದ ಬ್ಯಾಕ್ಟೀರಿಯಾಗಳು ಅದನ್ನು ಹೆಚ್ಚು ಬೆಳೆಯಲು ಬಿಡುವುದಿಲ್ಲ. ಆದರೆ 1940ರ ದಶಕದಲ್ಲಿ ಆ್ಯಂಟಿಬಯಾಟಿಕ್‌ಗಳ ಬಳಕೆ ಹೆಚ್ಚಿದಾಗ ಹೊಸ ಸಮಸ್ಯೆ ಎದುರಾಯಿತು. ಔಷಧಿಗೆ ಬ್ಯಾಕ್ಟೀರಿಯಾ ಸಾಯುತ್ತಿತ್ತು, ಯೀಸ್ಟ್ ಮಾತ್ರ ಉಳಿದು ಬೆಳೆಯುತ್ತಿತ್ತು. ನಾಲಿಗೆಯ ಮೇಲೆ ಮೊಸರಿನಂಥ ಬಿಳಿ ಪದರ, ಉರಿ, ನುಂಗಲು ಕಷ್ಟ. ಇದಕ್ಕೆ ಸುರಕ್ಷಿತವಾದ ಒಳ್ಳೆಯ ಮದ್ದು ಇರಲಿಲ್ಲ.

ಆ ಮದ್ದನ್ನು ಹುಡುಕಿದವರಲ್ಲಿ ಒಬ್ಬರು ಅಮೆರಿಕದ ಎಲಿಜಬೆತ್ ಲೀ ಹೇಜನ್. 1885ರಲ್ಲಿ ಮಿಸಿಸಿಪ್ಪಿ ರಾಜ್ಯದಲ್ಲಿ ಹುಟ್ಟಿದ ಅವರು ಎಳವೆಯಲ್ಲೇ ತಂದೆ-ತಾಯಿಯನ್ನು ಕಳೆದುಕೊಂಡು ಬಂಧುಗಳ ಮನೆಯಲ್ಲಿ ಬೆಳೆದರು. ಶಾಲಾ ಶಿಕ್ಷಕಿಯಾಗಿದ್ದವರು ಮತ್ತೆ ಓದಿ, 1927ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಆಗ ಅವರ ವಯಸ್ಸು ನಲವತ್ತು ದಾಟಿತ್ತು. ಬಳಿಕ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯ ಪ್ರಯೋಗಾಲಯ ಸೇರಿದರು.

ಹೇಜನ್ ಇದ್ದದ್ದು ನ್ಯೂಯಾರ್ಕ್ ನಗರದಲ್ಲಿ. ಜೊತೆಗಾರ್ತಿ, ರಸಾಯನ ವಿಜ್ಞಾನಿ ರೇಚಲ್ ಬ್ರೌನ್ ಇದ್ದದ್ದು ದೂರದ ಆಲ್ಬನಿಯಲ್ಲಿ. ಹೇಜನ್ ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳನ್ನು ಬೆಳೆಸಿ, ಅವು ಫಂಗಸ್ ಕೊಲ್ಲುತ್ತವೆಯೇ ಎಂದು ಪರೀಕ್ಷಿಸುತ್ತಿದ್ದರು. ಕೊಲ್ಲುವಂಥವು ಸಿಕ್ಕರೆ ಗಾಜಿನ ಜಾಡಿಯಲ್ಲಿ ಅಂಚೆ ಮೂಲಕ ಆಲ್ಬನಿಗೆ ಹೋಗುತ್ತಿದ್ದವು. ಬ್ರೌನ್ ಅದರೊಳಗಿನ ಔಷಧೀಯ ಅಂಶವನ್ನು ಬೇರ್ಪಡಿಸಿ ಮತ್ತೆ ಅಂಚೆಯಲ್ಲೇ ವಾಪಸ್ ಕಳುಹಿಸುತ್ತಿದ್ದರು. ಫಂಗಸ್ ಕೊಂದ ಹಲವು ಪದಾರ್ಥಗಳು ಪ್ರಾಣಿಗಳಿಗೂ ವಿಷವಾಗಿದ್ದವು.

ಕೊನೆಗೆ ಉತ್ತರ ಸಿಕ್ಕಿದ್ದು ವರ್ಜೀನಿಯಾದ ಸ್ನೇಹಿತರ ಹೊಲದಿಂದ ಹೇಜನ್ ತಂದಿದ್ದ ಮಣ್ಣಿನಲ್ಲಿ. 1950ರಲ್ಲಿ ಈ ಶೋಧ ಪ್ರಕಟವಾಯಿತು. ನ್ಯೂಯಾರ್ಕ್ ಸ್ಟೇಟ್ ಎಂಬ ಹೆಸರಿನಿಂದಲೇ ಮದ್ದಿಗೆ ನಿಸ್ಟಾಟಿನ್ ಎಂದು ಹೆಸರಿಟ್ಟರು. ಇದು ಫಂಗಸ್‌ನ ಜೀವಕೋಶದ ಪೊರೆಯಲ್ಲಿರುವ ಎರ್ಗೊಸ್ಟೆರಾಲ್‌ಗೆ ಅಂಟಿಕೊಂಡು ರಂಧ್ರ ಮಾಡುತ್ತದೆ. ನುಂಗಿದರೂ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಹೀಗಾಗಿ ಬಾಯಿ, ಕರುಳು, ಚರ್ಮದ ಸೋಂಕಿಗೆ ಹೆಚ್ಚು ಉಪಯುಕ್ತ. 1966ರ ಪ್ರವಾಹದಲ್ಲಿ ನೆನೆದ ಇಟಲಿಯ ಫ್ಲಾರೆನ್ಸ್ ನಗರದ ಕಲಾಕೃತಿಗಳಿಗೆ ಬೂಷ್ಟು ಹಿಡಿಯದಂತೆ ಕಾಪಾಡಲೂ ಇದೇ ಮದ್ದು ಬಳಕೆಯಾಯಿತು.

ಪೇಟೆಂಟ್‌ನಿಂದ ಬಂದ ಗೌರವಧನ 1 ಕೋಟಿ 30 ಲಕ್ಷ ಡಾಲರ್‌ಗೂ ಹೆಚ್ಚು. ಅದರಲ್ಲಿ ಇಬ್ಬರೂ ತಮಗಾಗಿ ಏನನ್ನೂ ಇಟ್ಟುಕೊಳ್ಳದೆ ಎಲ್ಲವನ್ನೂ ವಿಜ್ಞಾನ ಸಂಶೋಧನೆಗೆ ಬಿಟ್ಟುಕೊಟ್ಟರು. ಕೊನೆಯವರೆಗೂ ಸಂಬಳ, ಪಿಂಚಣಿಯಲ್ಲೇ ಬದುಕಿದ ಹೇಜನ್ 1975ರಲ್ಲಿ ಸಿಯಾಟಲ್‌ನಲ್ಲಿ ನಿಧನರಾದರು. ಅವರು ಕಂಡುಹಿಡಿದ ಮದ್ದನ್ನು ವೈದ್ಯರು ಇಂದಿಗೂ ಬರೆದುಕೊಡುತ್ತಾರೆ.