ಗವಾಯಿಗಳ ಕಿವಿ ಮತ್ತು ಆರು ವರ್ಷದ ಗಡಿ

ಬಹಳ ವರ್ಷಗಳ ಹಿಂದೆ ಅಫಜಲಪುರ ತಾಲ್ಲೂಕಿನ ಕರಜಗಿಯಲ್ಲಿ ಸರ್ಕಾರಿ ಕೆಲಸದ ನಿಮಿತ್ತ ತಂಗಿದ್ದಾಗ, ರಾತ್ರಿ ಗುಡಿಯ ಭಜನೆಗೆ ಹೋಗಿದ್ದೆ. ಹಾರ್ಮೋನಿಯಂ ನುಡಿಸುತ್ತಿದ್ದವರು ಹುಟ್ಟು ಅಂಧರು. ಬಾಲ್ಯದಲ್ಲಿ ಕೆಲಕಾಲ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ಹತ್ತಾರು ಕಂಠಗಳು, ರಸ್ತೆಯ ಲಾರಿಗಳ ಸದ್ದು. ಇವುಗಳ ನಡುವೆ ಅವರು ಥಟ್ಟನೆ ನುಡಿಸುವುದನ್ನು ನಿಲ್ಲಿಸಿ, ಒಂದು ಜೋಡಿ ತಾಳ ಬಿರುಕು ಬಿಟ್ಟಿದೆ ಎಂದರು. ದೀಪದ ಬೆಳಕಿನಲ್ಲಿ ನೋಡಿದರೆ ಅದು ನಿಜವಾಗಿತ್ತು. ಕಣ್ಣಿದ್ದ ನಮಗಾರಿಗೂ ಅದು ತಿಳಿದಿರಲಿಲ್ಲ. ನಾನು ನೋಡಿದ್ದ ಕಡತದಲ್ಲಿ ಅವರು ಮಾಸಾಶನದ ಪಟ್ಟಿಯ ಒಂದು ಕ್ರಮಸಂಖ್ಯೆ ಮಾತ್ರ.

ಆ ಕಿವಿಯ ಪರಂಪರೆ ಪಂಚಾಕ್ಷರಿ ಗವಾಯಿಗಳದು. 1892ರಲ್ಲಿ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಬಡ ಕುಟುಂಬವೊಂದರಲ್ಲಿ ಅವರು ಜನಿಸಿದರು. ಹುಟ್ಟಿನಿಂದಲೇ ದೃಷ್ಟಿ ಇರಲಿಲ್ಲ, ಸಹೋದರನೂ ಅಂಧರೇ. ಬಾಲಕ ಗದಿಗೆಯ್ಯನ ಕಂಠವನ್ನೂ ಗ್ರಹಣಶಕ್ತಿಯನ್ನೂ ಗುರುತಿಸಿದವರು ಹಾನಗಲ್ಲ ಕುಮಾರಸ್ವಾಮಿಗಳು. ಅನುಕಂಪ ತೋರಿ ಅನ್ನವಿಕ್ಕಿ ಕಳುಹಿಸುವುದಕ್ಕೆ ಅವರು ತೃಪ್ತರಾಗಲಿಲ್ಲ. ಸಂಗೀತ ಶಿಕ್ಷಣದ ಹೊಣೆಯನ್ನೇ ಹೊತ್ತರು. ಕರ್ನಾಟಕ ಸಂಗೀತದ ಅಭ್ಯಾಸದ ನಂತರ, ಗ್ವಾಲಿಯರ್ ಘರಾಣೆಯ ಮಿರಜದ ನೀಲಕಂಠಬುವಾ ಅವರಲ್ಲಿ ಹಿಂದೂಸ್ತಾನಿ ಪದ್ಧತಿಯ ಶಿಕ್ಷಣ ದೊರೆಯಿತು. ಎರಡೂ ಪದ್ಧತಿಗಳಲ್ಲಿ ಪಾಂಡಿತ್ಯ ಪಡೆದ ವಿರಳ ಗಾಯಕರಲ್ಲಿ ಅವರೊಬ್ಬರಾದರು.

ಕೀರ್ತಿ ಬಂದ ಮೇಲೆ ಅವರು ಮಾಡಿದ ಆಯ್ಕೆ ಗಮನಾರ್ಹವಾದುದು. ಅಂಧ ಹಾಗೂ ಅನಾಥ ಮಕ್ಕಳನ್ನು ಕಟ್ಟಿಕೊಂಡು ಊರೂರು ಸಂಚರಿಸುವ ಸಂಗೀತ ಪಾಠಶಾಲೆ ನಡೆಸಿದರು. ದವಸ, ದುಡ್ಡು ಭಿಕ್ಷೆಯಿಂದ ಬರಬೇಕು. ಪಾಠ ಮಾತ್ರ ತಪ್ಪುವಂತಿಲ್ಲ. ನಾಟಕ ಮಂಡಳಿಯನ್ನೂ ನಡೆಸಿದರು. ಕೊನೆಗೆ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ನೆಲೆಯೂರಿತು. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ, ಅರ್ಜುನಸಾ ನಾಕೋಡ ಅವರಂತಹ ಗಾಯಕರು ಅವರ ಗರಡಿಯಲ್ಲಿ ಪಳಗಿದವರು. ವಿಜಯನಗರ ಸ್ಥಾಪನೆಯ 600ನೇ ವರ್ಷದ ಸ್ಮರಣೆಗೆ 1936ರಲ್ಲಿ ಹಂಪಿಯಲ್ಲಿ ತರುಣ ರಾಜಗುರು ಹಾಡಿದಾಗ, ತಬಲಾ ಸಾಥ್ ನೀಡಿದವರು ಸ್ವತಃ ಗುರುಗಳೇ. 1944ರಲ್ಲಿ ಅವರು ಕಣ್ಮರೆಯಾದ ಬಳಿಕ, ಅಂಧ ಶಿಷ್ಯರಾದ ಪುಟ್ಟರಾಜ ಗವಾಯಿಗಳು 2010ರಲ್ಲಿ ತಾವು ಲಿಂಗೈಕ್ಯರಾಗುವವರೆಗೂ ಆಶ್ರಮವನ್ನು ಮುನ್ನಡೆಸಿದರು.

ಅಂಧರಿಗೆ ದೇವರು ಕಿವಿಯಲ್ಲಿ ಕಣ್ಣಿಟ್ಟಿರುತ್ತಾನೆಂದು ನಾವು ಸಮಾಧಾನಪಟ್ಟುಕೊಳ್ಳುವುದುಂಟು. ವಿಜ್ಞಾನ ಹೇಳುವುದು ಇದಕ್ಕಿಂತ ಕಟುವಾದ ಸತ್ಯ. ಕಿವಿಗೆ ಬೀಳುವ ಸದ್ದುಗಳೆಲ್ಲ ಅರಿವಿಗೆ ಬರುವುದಿಲ್ಲ. ಮಿದುಳು ಸದ್ದಿನ ಕ್ರಮವನ್ನು ಮೊದಲೇ ಊಹಿಸಿಕೊಳ್ಳುತ್ತದೆ. ಕ್ರಮ ತಪ್ಪಿದೊಡನೆ ಎಚ್ಚರಿಸುತ್ತದೆ. ಫಿನ್ಲೆಂಡಿನ ರಿಸ್ಟೋ ನಾಟಾನೆನ್ ಮತ್ತು ಸಂಗಡಿಗರು 1978ರಲ್ಲಿ ವರ್ಣಿಸಿದ ಮಿದುಳಿನ ತರಂಗವೊಂದು, ಬೇರೆ ಸದ್ದು ಕೇಳಿಸಿದ ಕಾಲು ಸೆಕೆಂಡಿನೊಳಗೆ, ಕೇಳುಗನ ಗಮನ ಬೇರೆಡೆ ಇದ್ದರೂ ಮೂಡುತ್ತದೆ. ಆ ಎಚ್ಚರಿಕೆಗೆ ಎಷ್ಟು ಬೆಲೆ ಕೊಡಬೇಕೆಂಬ ತೀರ್ಮಾನದಲ್ಲಿ ಇನ್ಸುಲಾ ಹಾಗೂ ಸಿಂಗ್ಯುಲೇಟ್ ಎಂಬ ಭಾಗಗಳ ಜಾಲ ಪಾಲ್ಗೊಳ್ಳುತ್ತದೆ. ಊಹೆ ಎಷ್ಟು ಸೂಕ್ಷ್ಮವೋ ಎಚ್ಚರವೂ ಅಷ್ಟೇ ಸೂಕ್ಷ್ಮ. ಊಹೆಯನ್ನು ಸೂಕ್ಷ್ಮಗೊಳಿಸುವುದು ಅಭ್ಯಾಸ. ಕರಜಗಿಯ ಭಜನೆಯಲ್ಲಿ ಕಂಡದ್ದೂ ಪವಾಡವಲ್ಲ, ಪಾಠದ ಫಲ.

ಇದಕ್ಕೊಂದು ಕಾಲವೂ ಇದೆ. ಹುಟ್ಟಿನಿಂದ ಅಥವಾ ಎಳವೆಯಲ್ಲೇ ದೃಷ್ಟಿ ಕಳೆದುಕೊಂಡವರಲ್ಲಿ, ನೋಟಕ್ಕೆ ಮೀಸಲಾದ ಮಿದುಳಿನ ಭಾಗವೇ ಶ್ರವಣ, ಸ್ಪರ್ಶಗಳಿಗೆ ಒದಗಿಬರುತ್ತದೆ. ಕೆನಡಾದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎಷ್ಟು ಎಳೆಯ ವಯಸ್ಸಿನಲ್ಲಿ ದೃಷ್ಟಿ ಹೋಗಿತ್ತೋ ಸ್ವರಭೇದ ಗುರುತಿಸುವ ಶಕ್ತಿ ಅಷ್ಟು ಹೆಚ್ಚಾಗಿತ್ತು. ಎಳೆಯ ಮಿದುಳಿನ ಈ ಸಿದ್ಧತೆ ಪ್ರಕೃತಿಯ ಕೊಡುಗೆ. ಅದನ್ನು ವಿದ್ಯೆಯಾಗಿ, ಜೀವನೋಪಾಯವಾಗಿ ಮಾರ್ಪಡಿಸುವುದು ಗುರುವಿನ ಕೆಲಸ, ಸಮಾಜದ ಕೆಲಸ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನಿಗದಿತ ಪ್ರಮಾಣದ ವೈಕಲ್ಯವುಳ್ಳ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕು ನೀಡಿದೆ. ಆದರೆ ಅದು 6ರಿಂದ 18ರ ವಯಸ್ಸಿಗೆ. ಮಿದುಳು ಆರು ತುಂಬುವವರೆಗೆ ಕಾಯುವುದಿಲ್ಲ. ಅಂಧ ಶಿಶುವನ್ನು ಬೇಗ ಗುರುತಿಸಿ, ಸದ್ದು, ಸ್ಪರ್ಶಗಳ ಮೂಲಕ ಕಲಿಸುವ ತರಬೇತಿಯನ್ನು ಅಂಗನವಾಡಿ ಕಾರ್ಯಕರ್ತೆಯರಿಗೆ ನೀಡುವುದಕ್ಕೆ ಭಾರಿ ವೆಚ್ಚ ತಗಲದು. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಮಾಸಾಶನ ಜೀವನಾಧಾರ, ಬಾಲ್ಯದ ಪಾಠ ಬಂಡವಾಳ; ಒಂದು ಇನ್ನೊಂದಕ್ಕೆ ಬದಲಿಯಾಗಲಾರದು.

ಗವಾಯಿಗಳ ಬದುಕನ್ನು 1995ರ ಚಲನಚಿತ್ರ ಮನೆಮನೆಗೆ ತಲುಪಿಸಿತು. ನಾವು ಅವರ ಗಾನವನ್ನು ಕೊಂಡಾಡುತ್ತೇವೆ. ಆದರೆ ಕಾಡಶೆಟ್ಟಿಹಳ್ಳಿಯ ಬಾಲಕನ ಬಳಿ ಒಬ್ಬರು ನಿಂತು ಕಿವಿಗೊಡದಿದ್ದರೆ ಆ ಗಾನವೇ ಇರುತ್ತಿರಲಿಲ್ಲ. ಕರಜಗಿಯ ಆ ರಾತ್ರಿಯ ಮರುದಿನ ನಾನು ಕಡತಕ್ಕೆ ಸಹಿ ಹಾಕಿ ಹೊರಟೆ. ಊರಿನಲ್ಲಿ ಇನ್ನೆಷ್ಟು ಅಂಧ ಮಕ್ಕಳಿದ್ದಾರೆ ಎಂದು ವಿಚಾರಿಸಲು ನನಗೆ ಹೊಳೆಯಲೇ ಇಲ್ಲ.