ಪೇಟೆಯ ಪಾಠಶಾಲೆಯಲ್ಲಿ ಜೆಸ್ಸಿ ಲಿವರ್‌ಮೋರ್

ವಿದ್ಯೆಯನ್ನು ಅರಸಿ ಹೊರಟವನು ಮೊದಲು ಗುರುವನ್ನು ಪರೀಕ್ಷಿಸಿಕೊಳ್ಳಬೇಕೆಂಬುದು ನಮ್ಮ ಹಿರಿಯರ ಮತ. ಸಂಗೀತಕ್ಕೂ ಶಿಲ್ಪಕ್ಕೂ ಸಲ್ಲುವ ಈ ಮಾತು ಸಟ್ಟಾ ವ್ಯಾಪಾರಕ್ಕೆ ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಅಪಸ್ವರ ಹಾಡಿದ ಶಿಷ್ಯನು ಸಭೆಯ ನಗೆಗೆ ಗುರಿಯಾಗುವನು, ಅಷ್ಟೆ. ಪೇಟೆಯಲ್ಲಿ ತಪ್ಪು ಪಾಠ ಕಲಿತವನು ಮನೆಮಠಗಳನ್ನೇ ಕಳೆದುಕೊಳ್ಳುವನು. ವಾಯಿದಾ ವ್ಯಾಪಾರವನ್ನು, ಅದರಲ್ಲಿಯೂ ಬೆಳಗ್ಗೆ ಕೊಂಡು ಸಂಜೆಯೊಳಗೆ ಮಾರಿ ಮುಗಿಸುವ ದಿನವಹಿ ವ್ಯಾಪಾರವನ್ನು, ಕೆಲವೇ ವಾರಗಳಲ್ಲಿ ಕರಗತ ಮಾಡಿಸುವುದಾಗಿ ಸಾರುವ ತರಗತಿಗಳು ಇಂದು ಎಲ್ಲೆಡೆಯೂ ಹಬ್ಬಿವೆ. ಇವುಗಳಲ್ಲಿ ಯಾವುದು ಮೇಲು, ಯಾವುದು ಕೀಳು ಎಂದು ತೂಗುತ್ತ ಕುಳಿತಿರುವ ತರುಣನು ಶುಲ್ಕದ ಪಟ್ಟಿಗಳನ್ನು ಹೋಲಿಸುವುದಕ್ಕೆ ಮುನ್ನ ಒಂದು ಜೀವನಚರಿತ್ರೆಯನ್ನು ಓದುವುದು ಲೇಸು. ಅದು ಅಮೆರಿಕದ ಜೆಸ್ಸಿ ಲಿವರ್‌ಮೋರನ ಚರಿತ್ರೆ. ಆತನು ನಾಲ್ಕು ಬಗೆಯ ಪಾಠಶಾಲೆಗಳನ್ನು ಹೊಕ್ಕು ಹೊರಬಂದವನು. ನಾಲ್ಕರಲ್ಲಿಯೂ ಶುಲ್ಕ ತೆತ್ತವನು.

ಲಿವರ್‌ಮೋರನು ಹುಟ್ಟಿದ್ದು 1877ರ ಜುಲೈ 26ರಂದು, ಮ್ಯಾಸಚೂಸೆಟ್ಸ್ ಸಂಸ್ಥಾನದ ಶ್ರೂಸ್‌ಬರಿ ಎಂಬ ಊರಿನಲ್ಲಿ. ತಂದೆ ಬಡ ರೈತ. ಲೆಕ್ಕದಲ್ಲಿ ಅಸಾಧಾರಣ ಚುರುಕುತನವಿದ್ದ ಹುಡುಗನನ್ನು ಶಾಲೆ ಬಿಡಿಸಿ ಹೊಲದ ಕೆಲಸಕ್ಕೆ ಹಚ್ಚಬೇಕೆಂಬುದು ಆ ತಂದೆಯ ಸಂಕಲ್ಪ. ತಾಯಿಗೆ ಇದು ಸಮ್ಮತವಾಗಲಿಲ್ಲ. ಆಕೆಯ ನೆರವಿನಿಂದಲೇ ಹುಡುಗನು ಹದಿನಾಲ್ಕನೆಯ ವಯಸ್ಸಿನಲ್ಲಿ ಮನೆಬಿಟ್ಟು ಬಾಸ್ಟನ್ ನಗರವನ್ನು ಸೇರಿದನು. ಅಲ್ಲಿ ಪೇಯ್ನ್ ವೆಬ್ಬರ್ ಎಂಬ ದಲ್ಲಾಳಿ ಸಂಸ್ಥೆಯಲ್ಲಿ ಷೇರುಗಳ ಬೆಲೆಯನ್ನು ದೊಡ್ಡ ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆಯುವ ಕೆಲಸ ದೊರೆಯಿತು. ಇದೇ ಆತನ ಮೊದಲ ಪಾಠಶಾಲೆ. ದಿನವಿಡೀ ಅಂಕಿಗಳನ್ನು ಬರೆದು ಅಳಿಸುತ್ತಿದ್ದ ಬಾಲಕನು ಅವುಗಳನ್ನು ಒಂದು ಚಿಕ್ಕ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳತೊಡಗಿದನು. ಬೆಲೆ ಏರುವುದಕ್ಕೂ ಇಳಿಯುವುದಕ್ಕೂ ಮುನ್ನ ಅದರ ನಡೆ ಹೇಗಿರುವುದೆಂದು ಊಹಿಸುವುದು, ಊಹೆ ದಿಟವೋ ಸಟೆಯೋ ಎಂದು ಮರುದಿನ ಒರೆಗೆ ಹಚ್ಚುವುದು, ಹೀಗೆ ಅಭ್ಯಾಸ ನಡೆಯಿತು. ಕಾಸು ಹೂಡದೆ, ಕಾಗದ ಮತ್ತು ತಾಳ್ಮೆಗಳನ್ನು ಮಾತ್ರ ಹೂಡಿ ಕಲಿತ ಈ ಪಾಠವೇ ಆತನಿಗೆ ಬಾಳಿನುದ್ದಕ್ಕೂ ಆಸರೆಯಾಯಿತು.

ಎರಡನೆಯ ಶಾಲೆ ಬಕೆಟ್ ಶಾಪ್ ಎಂಬ ಹೆಸರಿನ ಅಂಗಡಿ. ಅಲ್ಲಿ ನಿಜವಾಗಿ ಷೇರು ಕೊಳ್ಳುವುದೂ ಇಲ್ಲ, ಮಾರುವುದೂ ಇಲ್ಲ. ಗಿರಾಕಿಯು ಬೆಲೆಯ ಏರಿಳಿತದ ಮೇಲೆ ಅಲ್ಪ ಹಣವನ್ನು ಒತ್ತೆಯಿಟ್ಟು ಪಣ ಕಟ್ಟುವನು, ಎದುರಾಳಿ ಅಂಗಡಿಯವನೇ. ನಮ್ಮ ದೇಶದಲ್ಲಿ ಡಬ್ಬಾ ವ್ಯಾಪಾರವೆಂದು ಕರೆಯುವ ಕಾನೂನುಬಾಹಿರ ವ್ಯವಹಾರವು ಇದರ ಒಡಹುಟ್ಟೇ ಸರಿ. ಹದಿನೈದನೆಯ ವಯಸ್ಸಿನಲ್ಲಿ ಲಿವರ್‌ಮೋರನು ಇಲ್ಲಿ ಗಳಿಸಿದ ಮೊದಲ ಲಾಭ 3 ಡಾಲರು 12 ಸೆಂಟು. ಮುಂದೆ ಆತನ ಗೆಲುವು ಎಷ್ಟು ಹೆಚ್ಚಿತೆಂದರೆ ಅಂಗಡಿಯವರು ಒಬ್ಬೊಬ್ಬರಾಗಿ ಬಾಗಿಲು ಮುಚ್ಚಿದರು. ವೇಷ ಮರೆಸಿಕೊಂಡು ಹೋಗಬೇಕಾದ ಪ್ರಸಂಗವೂ ಬಂದಿತು. ಸೋಲುವ ಗಿರಾಕಿಯಿಂದ ಬದುಕುವ ಅಂಗಡಿಗೆ ಗೆಲ್ಲುವ ಗಿರಾಕಿ ಬೇಡ. ಕಲಿಸುವವನು ಯಾರ ಹಣದಿಂದ ಬದುಕುತ್ತಾನೆ, ಶಿಷ್ಯನ ಲಾಭದಿಂದಲೋ ಶಿಷ್ಯನ ಶುಲ್ಕದಿಂದಲೋ, ಅಥವಾ ಶಿಷ್ಯನು ಮತ್ತೆ ಮತ್ತೆ ವ್ಯಾಪಾರ ಮಾಡಿದಷ್ಟೂ ದಲ್ಲಾಳಿಯಿಂದ ಬರುವ ಪಾಲಿನಿಂದಲೋ ಎಂಬ ಪ್ರಶ್ನೆ ಇಂದಿಗೂ ಹಳತಾಗಿಲ್ಲ.

ಇಪ್ಪತ್ತರ ಹರೆಯದಲ್ಲಿಯೇ ಹತ್ತು ಸಾವಿರ ಡಾಲರುಗಳನ್ನು ಕೂಡಿಸಿದ್ದ ತರುಣನು ನ್ಯೂಯಾರ್ಕಿಗೆ ಬಂದು ನಿಜವಾದ ಷೇರುಪೇಟೆಯಲ್ಲಿ ಕಾಲಿಟ್ಟನು. ಇದು ಮೂರನೆಯ ಶಾಲೆ. 1901ರ ಮೇ 9ರಂದು ನಾರ್ದರ್ನ್ ಪೆಸಿಫಿಕ್ ರೈಲ್ವೆಯ ಒಡೆತನಕ್ಕಾಗಿ ನಡೆದ ಸೆಣಸಾಟದಿಂದ ಪೇಟೆಯು ತಲ್ಲಣಗೊಂಡಿತು. ಬೆಲೆಗಳು ಕುಸಿಯುವುವೆಂದು ಲಿವರ್‌ಮೋರನು ಸರಿಯಾಗಿಯೇ ಊಹಿಸಿದ್ದನು. ಆದರೂ ಕೈಯಲ್ಲಿದ್ದ ಸುಮಾರು 50,000 ಡಾಲರುಗಳು ಅಂದೇ ಕರಗಿಹೋದುವು. ಕಾರಣ ಸರಳವಾದುದು. ಬಕೆಟ್ ಶಾಪಿನಲ್ಲಿ ಹಲಗೆಯ ಮೇಲೆ ಕಂಡ ಬೆಲೆಗೇ ವ್ಯವಹಾರ ಕುದುರುತ್ತಿತ್ತು. ಇಲ್ಲಿ ಬೆಲೆ ಮುದ್ರಿಸುವ ಪಟ್ಟಿ ನಿಜವಾದ ಬೆಲೆಗಿಂತ ಬಹಳ ಹಿಂದುಳಿದಿತ್ತು. ಆತನು ಮಾರಲು ಹೇಳಿದ ಬೆಲೆ ಒಂದು, ಮಾರಾಟವಾದ ಬೆಲೆ ಅದಕ್ಕಿಂತ ಎಷ್ಟೋ ಕೆಳಗೆ. ಊಹೆ ನಿಜವಾಗುವುದೂ ಲಾಭ ಕೈಸೇರುವುದೂ ಒಂದೇ ಅಲ್ಲವೆಂದು ಆ ದಿನ ತಿಳಿಯಿತು. ತರಗತಿಯ ಕರಿಹಲಗೆಯ ಮೇಲೆ ಹಳೆಯ ಬೆಲೆಗಳ ನಕ್ಷೆಯನ್ನು ಬರೆದು ಇಲ್ಲಿ ಕೊಳ್ಳಬೇಕಿತ್ತು, ಅಲ್ಲಿ ಮಾರಬೇಕಿತ್ತು ಎಂದು ತೋರಿಸುವ ಪಾಠವು ದಲ್ಲಾಳಿ, ತೆರಿಗೆ, ಕೇಳಿದ ಬೆಲೆಗೂ ದೊರೆತ ಬೆಲೆಗೂ ಇರುವ ಅಂತರ ಇವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಅದು ಬಕೆಟ್ ಶಾಪಿನ ಪಾಠವೇ ಹೊರತು ಪೇಟೆಯದಲ್ಲ.

ಬಿದ್ದವನು ಎದ್ದನು. 1906ರ ಏಪ್ರಿಲಿನಲ್ಲಿ ಯೂನಿಯನ್ ಪೆಸಿಫಿಕ್ ಕಂಪೆನಿಯ ಷೇರುಗಳನ್ನು, ಕೈಯಲ್ಲಿ ಇಲ್ಲದಿದ್ದರೂ ಮುಂಚಿತವಾಗಿ ಮಾರಿದ್ದನು. ಸ್ಯಾನ್‌ಫ್ರಾನ್ಸಿಸ್ಕೋ ನಗರವನ್ನು ಕೆಡವಿದ ಭೂಕಂಪದ ತರುವಾಯ ಬೆಲೆ ಇಳಿದು ದೊಡ್ಡ ಮೊತ್ತ ಬಂದಿತು. 1907ರ ಅಕ್ಟೋಬರಿನ ಮಹಾಭೀತಿಯಲ್ಲಿ ಒಂದೇ ದಿನಕ್ಕೆ ಹತ್ತು ಲಕ್ಷ ಡಾಲರುಗಳನ್ನು ಗಳಿಸಿದನೆಂದು ಆತನ ಚರಿತ್ರಕಾರರು ಬರೆಯುತ್ತಾರೆ. ಆಗ ಆತನಿಗೆ ಮೂವತ್ತು ವರ್ಷ.

ನಾಲ್ಕನೆಯ ಪಾಠಶಾಲೆ ಇದರ ಬೆನ್ನಿಗೇ ಬಂದಿತು. ಅದು ವಾಯಿದಾ ಪೇಟೆಯದು. ವಾಯಿದಾ ವ್ಯಾಪಾರವೆಂದರೆ ಮುಂದಿನ ಒಂದು ತಿಂಗಳಲ್ಲಿ ಒಪ್ಪಿಸಬೇಕಾದ ಸರಕಿಗೆ ಇಂದೇ ಬೆಲೆ ಗೊತ್ತುಪಡಿಸುವುದು. ರೈತನಿಗೂ ಗಿರಣಿಯವನಿಗೂ ಇದರಿಂದ ಬೆಲೆಯ ಅನಿಶ್ಚಯ ತಪ್ಪುತ್ತದೆ. ಸಟ್ಟಾ ವ್ಯಾಪಾರಿಯಾದರೋ ಒಟ್ಟು ಬೆಲೆಯ ಒಂದು ಚಿಕ್ಕ ಭಾಗವನ್ನು ಮಾತ್ರ ಠೇವಣಿಯಿಟ್ಟು ಇಡೀ ಸರಕಿನ ಏರಿಳಿತವನ್ನು ತಲೆಯ ಮೇಲೆ ಹೊರುವನು. ನೂರಕ್ಕೆ ಹತ್ತು ಠೇವಣಿಯಿಟ್ಟವನಿಗೆ ಬೆಲೆ ನೂರಕ್ಕೆ ಹತ್ತು ತಿರುಗಿದರೆ ಠೇವಣಿ ಪೂರ್ತಿ ಹೋಯಿತು. ಅದಕ್ಕೂ ಮೀರಿದರೆ ಸಾಲ. 1908ರಲ್ಲಿ ಹತ್ತಿಯ ವಿಷಯದಲ್ಲಿ ಮಹಾ ಪಂಡಿತನೆನಿಸಿಕೊಂಡಿದ್ದವನೊಬ್ಬನು ಲಿವರ್‌ಮೋರನ ಸ್ನೇಹ ಬೆಳೆಸಿದನು. ಆತನ ಬಳಿ ಅಂಕಿ ಅಂಶಗಳ ಭಂಡಾರವಿತ್ತು, ಮಾತಿನಲ್ಲಿ ಮೋಡಿಯಿತ್ತು. ಆದರೆ ಆತನೇ ಅದೇ ಹತ್ತಿಯಲ್ಲಿ ಕೈಸುಟ್ಟುಕೊಂಡಿದ್ದವನು. ಈ ಸಂಗತಿ ತಿಳಿದಿದ್ದರೂ ಲಿವರ್‌ಮೋರನು ತನ್ನ ಚಿಕ್ಕ ಪುಸ್ತಕವನ್ನು ಬದಿಗಿರಿಸಿ ಅವನ ಮಾತಿಗೆ ಮರುಳಾದನು. ಲಾಭ ತರುತ್ತಿದ್ದ ಗೋಧಿಯನ್ನು ಮಾರಿ, ನಷ್ಟದಲ್ಲಿದ್ದ ಹತ್ತಿಯನ್ನು ಮತ್ತೂ ಕೊಂಡನು. ಲಕ್ಷಗಟ್ಟಲೆ ಡಾಲರುಗಳು ಹೋದುವು. ಸಾಲ ಬೆಳೆದು 1915ರಲ್ಲಿ ದಿವಾಳಿಯೆಂದು ನ್ಯಾಯಾಲಯದ ಮುಂದೆ ನಿಲ್ಲಬೇಕಾಯಿತು.

ಇಲ್ಲಿ ಆತನ ಗುಣದ ಒಂದು ಮುಖವನ್ನು ಹೇಳದಿದ್ದರೆ ಅನ್ಯಾಯವಾದೀತು. ಯುದ್ಧಕಾಲದ ಪೇಟೆಯಲ್ಲಿ ಮತ್ತೆ ಚೇತರಿಸಿಕೊಂಡಾಗ, ಕಾನೂನಿನ ಕಟ್ಟು ಇಲ್ಲದಿದ್ದರೂ ಹಳೆಯ ಸಾಲಗಾರರಿಗೆಲ್ಲ ಹಣವನ್ನು ಹಿಂತಿರುಗಿಸಿದನು. ಆತನ ಕೀರ್ತಿಯು ಹಬ್ಬಿ, ಎಡ್ವಿನ್ ಲೆಫೆವರ್ ಎಂಬ ಪತ್ರಕರ್ತನು ಆತನ ಅನುಭವಗಳನ್ನು ಬೇರೊಂದು ಹೆಸರಿನ ನಾಯಕನ ಕಥೆಯಾಗಿ ಬರೆದನು. ರೆಮಿನಿಸೆನ್ಸಸ್ ಆಫ್ ಎ ಸ್ಟಾಕ್ ಆಪರೇಟರ್ ಎಂಬ ಆ ಪುಸ್ತಕವು 1923ರಲ್ಲಿ ಹೊರಬಂದು, ನೂರು ವರ್ಷಗಳಾದ ಮೇಲೂ ಸಟ್ಟಾ ವ್ಯಾಪಾರ ಕಲಿಯುವವರ ಕೈಪಿಡಿಯಂತೆ ಉಳಿದುಕೊಂಡಿದೆ. ಕಥೆ ಮುಗಿಯುವಾಗ ನಾಯಕನು ಇನ್ನೂ ಗೆಲ್ಲುತ್ತಿರುವ ವ್ಯಾಪಾರಿ. ಬಾಳು ಅಲ್ಲಿಗೆ ಮುಗಿಯಲಿಲ್ಲ.

1929ರ ಮಹಾಪತನದಲ್ಲಿ ದೇಶವೇ ಕಂಗೆಟ್ಟಾಗ ಲಿವರ್‌ಮೋರನು ಸುಮಾರು ಹತ್ತು ಕೋಟಿ ಡಾಲರುಗಳನ್ನು ಗಳಿಸಿದನೆಂದು ಲೆಕ್ಕ. ಐದು ವರ್ಷ ತುಂಬುವುದರೊಳಗೆ, 1934ರ ಮಾರ್ಚಿನಲ್ಲಿ, ಆತನು ಮತ್ತೊಮ್ಮೆ ದಿವಾಳಿ; ಸಾಲವು ಇಪ್ಪತ್ತು ಲಕ್ಷ ಡಾಲರುಗಳಿಗೂ ಮಿಕ್ಕಿತ್ತು. ಶಿಕಾಗೋದ ಧಾನ್ಯಪೇಟೆಯ ಸದಸ್ಯತ್ವವೂ ಅಮಾನತಾಯಿತು. 1940ರಲ್ಲಿ ತನ್ನ ಪದ್ಧತಿಯನ್ನು ವಿವರಿಸುವ ಪುಸ್ತಕವೊಂದನ್ನು ತಾನೇ ಪ್ರಕಟಿಸಿದನು. ಶಿಷ್ಯನಾಗಿ ಬಾಳಿದವನು ಕೊನೆಗೆ ಗುರುಪೀಠವನ್ನೇರಿದಂತಾಯಿತು. ಆದರೆ ಪುಸ್ತಕಕ್ಕೆ ನಿರೀಕ್ಷಿಸಿದ ಮನ್ನಣೆ ದೊರೆಯಲಿಲ್ಲ. ಬಹುಕಾಲದಿಂದ ಮನೋವ್ಯಥೆಯಿಂದ ಕುಗ್ಗಿದ್ದ ಆತನು ಅದೇ ವರ್ಷದ ನವೆಂಬರ್ 28ರಂದು ನ್ಯೂಯಾರ್ಕಿನಲ್ಲಿ ತನ್ನ ಪ್ರಾಣವನ್ನು ತಾನೇ ನೀಗಿಕೊಂಡನು. ಅರುವತ್ತಮೂರು ವರ್ಷ.

ಇಷ್ಟೊಂದು ಬುದ್ಧಿ, ಇಷ್ಟೊಂದು ಅಭ್ಯಾಸ, ಐವತ್ತು ವರ್ಷಗಳ ಅನುಭವ ಇದ್ದವನ ಗತಿಯೇ ಹೀಗಾದರೆ ಸಾಮಾನ್ಯನ ಪಾಡೇನು? ಇದಕ್ಕೆ ನಮ್ಮ ಕಾಲದ ಅಂಕಿಗಳೇ ಉತ್ತರ ಕೊಡುತ್ತವೆ. ಬ್ರೆಜಿಲ್ ದೇಶದಲ್ಲಿ 2013ರಿಂದ 2015ರವರೆಗೆ ದಿನವಹಿ ವಾಯಿದಾ ವ್ಯಾಪಾರವನ್ನು ಆರಂಭಿಸಿದವರನ್ನು ವಿದ್ವಾಂಸರು ಪರಿಶೀಲಿಸಿದಾಗ, ಮುನ್ನೂರು ದಿನಗಳಿಗಿಂತ ಹೆಚ್ಚು ಕಾಲ ಪಟ್ಟುಬಿಡದೆ ನಡೆಸಿದವರಲ್ಲಿ ನೂರಕ್ಕೆ 97 ಮಂದಿ ನಷ್ಟ ಹೊಂದಿದ್ದುದು ಕಂಡುಬಂದಿತು. ನಮ್ಮ ಸೆಬಿ ಸಂಸ್ಥೆಯು 2024ರ ಸೆಪ್ಟೆಂಬರಿನಲ್ಲಿ ಹೊರತಂದ ವರದಿಯ ಪ್ರಕಾರ, ಅದಕ್ಕೆ ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಷೇರುಗಳ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರಕ್ಕಿಳಿದ ಒಂದು ಕೋಟಿಗೂ ಮಿಕ್ಕ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ಸೋತರು. ಸೋತವರ ಸರಾಸರಿ ನಷ್ಟ ತಲಾ ಸುಮಾರು ಎರಡು ಲಕ್ಷ ರೂಪಾಯಿ. ಅನೇಕ ಸಂಸಾರಗಳಿಗೆ ಇದು ಮಗಳ ಓದಿನ ಹಣ, ಇಲ್ಲವೆ ಮುಪ್ಪಿನ ಊರುಗೋಲು.

ಆದುದರಿಂದ ತರಗತಿಗಳನ್ನು ಹೋಲಿಸುವವನು ಲಿವರ್‌ಮೋರನ ನಾಲ್ಕು ಶಾಲೆಗಳನ್ನು ನೆನೆಯಲಿ. ಹೂಡಿಕೆಯಿಲ್ಲದೆ ತಿಂಗಳುಗಟ್ಟಲೆ ಕಾಗದದ ಮೇಲೆ ಅಭ್ಯಾಸ ಮಾಡಿಸುವ ಗುರುವೋ, ಮೊದಲ ವಾರದಲ್ಲೇ ಖಾತೆ ತೆರೆಯಿಸುವ ಗುರುವೋ? ಖರ್ಚುಗಳನ್ನು ಕಳೆದ ಮೇಲಿನ ಲಾಭವನ್ನು ತೋರಿಸುವನೋ, ಬರಿಯ ನಕ್ಷೆಯನ್ನೋ? ಇಂಥ ಷೇರು ಕೊಳ್ಳಿ, ಇಂಥದನ್ನು ಮಾರಿ ಎಂದು ಸಲಹೆ ಕೊಡುವವನಾದರೆ ಸೆಬಿಯಲ್ಲಿ ನೋಂದಾಯಿಸಿಕೊಂಡಿರುವನೋ? ಎಲ್ಲಕ್ಕೂ ಮಿಗಿಲಾಗಿ, ತನ್ನ ಸ್ವಂತ ವ್ಯಾಪಾರದ ಖಾತೆಯನ್ನು, ಗೆದ್ದ ಒಂದು ದಿನದ್ದಲ್ಲ, ಹಲವು ವರ್ಷಗಳ ಪೂರ್ತಿ ಖಾತೆಯನ್ನು, ಶಿಷ್ಯನ ಮುಂದೆ ಬಿಚ್ಚಿಡಬಲ್ಲನೋ? 1907ರ ಹಾಳೆಯನ್ನು ಮಾತ್ರ ಕಂಡವನಿಗೆ ಲಿವರ್‌ಮೋರನು ಪೇಟೆಯ ಚಕ್ರವರ್ತಿ. 1908, 1915, 1934ರ ಹಾಳೆಗಳನ್ನೂ ಕಂಡವನಿಗೆ ಆತನು ಮರುಕಕ್ಕೆ ಪಾತ್ರನಾದ ಮನುಷ್ಯ. ಎಲ್ಲ ಹಾಳೆಗಳನ್ನೂ ತೋರಿಸುವ ಗುರು ಸಿಕ್ಕದಿದ್ದರೆ ಯಾವ ತರಗತಿಗೂ ಸೇರದೆ ಹಿಂತಿರುಗುವುದೂ ಒಂದು ಆಯ್ಕೆಯೇ. ಅದರಲ್ಲಿ ಅವಮಾನವೇನೂ ಇಲ್ಲ.